ಪ್ಲೇಟ್‌ಲೆಟ್‌ನಲ್ಲಿ ಕಾಣುವುದು ಕಾಯಿಲೆಯೋ, ಮಾತ್ರೆಯೋ?

ಖಿನ್ನತೆಗೆಂದು ಮೂರು ತಿಂಗಳಿಂದ ದಿನಕ್ಕೆ 50 ಮಿಲಿಗ್ರಾಂ ಸರ್ಟ್ರಲೀನ್ ತೆಗೆದುಕೊಳ್ಳುತ್ತಿರುವ, ಸಾಕಷ್ಟು ಚೇತರಿಸಿಕೊಂಡೂ ಇರುವ ಒಬ್ಬರ ರಕ್ತವನ್ನು ಸೆರೊಟೋನಿನ್ (ನರಕೋಶಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕ) ಪರೀಕ್ಷೆಗೆ ಕಳಿಸಿದರೆ ವರದಿ ಹೇಗೆ ಬರುತ್ತದೆ? ಬಹುಮಟ್ಟಿಗೆ ‘ಕಡಿಮೆ’ ಎಂದೇ ಬರುತ್ತದೆ. ಮಾತ್ರೆ ಶುರುಮಾಡುವ ಮುಂಚೆ ಇದ್ದುದರ ಐದನೇ ಒಂದು ಪಾಲೂ ಉಳಿದಿರುವುದಿಲ್ಲ. ಇದು ‘ಸೆರೊಟೋನಿನ್ ಹೆಚ್ಚಿಸುವ ಮಾತ್ರೆ’ ಎಂದು ಕೇಳಿಸಿಕೊಂಡವರಿಗೆ ಆ ಕಾಗದ ನೋಡಿ ಗಾಬರಿಯಾಗುವುದು ಸಹಜ. ಡೋಸ್ ಸಾಲದೇನೋ, ಮಾತ್ರೆಯೇ ನಕಲಿಯೇನೋ ಎಂಬ ಅನುಮಾನ ಹುಟ್ಟುತ್ತದೆ. ಆದರೆ ಅಂಕಿ ಇಳಿದಿರುವುದೇ ಮಾತ್ರೆ ತನ್ನ ಕೆಲಸ ಮಾಡಿದ್ದರಿಂದ.

ರಕ್ತದಲ್ಲಿರುವ ಸೆರೊಟೋನಿನ್‌ನಲ್ಲಿ ಶೇ 99ರಷ್ಟು ಇರುವುದು ಪ್ಲೇಟ್‌ಲೆಟ್‌ಗಳ ಹೊಟ್ಟೆಯಲ್ಲಿ. ಹಾಗಾಗಿ ಸೆರೊಟೋನಿನ್‌ನ ರಕ್ತಪರೀಕ್ಷೆ ಎಂದರೆ ಪ್ಲೇಟ್‌ಲೆಟ್ ಪರೀಕ್ಷೆಯೇ. ಮನೋವೈದ್ಯಶಾಸ್ತ್ರ ಈ ಕಣದ ಬೆನ್ನು ಹತ್ತಿ ಐವತ್ತು ವರ್ಷ ದಾಟಿತು. ಖಿನ್ನತೆ, ಸ್ಕಿಜೋಫ್ರೀನಿಯಾ, ಬೈಪೋಲಾರ್ ಕಾಯಿಲೆಗಳ ಗುರುತು ಅದರ ಗ್ರಾಹಕಗಳಲ್ಲಿ, ಅಂದರೆ ಹೊರಗಿನ ರಾಸಾಯನಿಕ ಸಂದೇಶಗಳನ್ನು ಹಿಡಿಯುವ ಪ್ರೋಟೀನುಗಳಲ್ಲಿ, ಸಿಗಬಹುದು ಎಂಬ ಆಸೆಯಿಂದ ನೂರಾರು ಅಧ್ಯಯನಗಳು ನಡೆದವು. ಅವುಗಳಲ್ಲಿ ಕಾಯಿಲೆಯ ಗುರುತು ಮಸುಕು ಮಸುಕಾಗಿ ಸಿಕ್ಕಿತು. ಮಾತ್ರೆಯ ಗುರುತು ಮಾತ್ರ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿ ಸಿಕ್ಕಿತು. ಇವೆರಡನ್ನೂ ಬೆರೆಸಿಕೊಂಡದ್ದೇ ‘ಖಿನ್ನತೆಗೆ ರಕ್ತಪರೀಕ್ಷೆ ಬಂತು’ ಎಂಬ ಬಗೆಯ ಸುದ್ದಿಗಳ ಬಹುಪಾಲು ಗೊಂದಲಕ್ಕೆ ಕಾರಣ.

ಮಿದುಳಿಗೆ ಬದಲಿಯಾಗಿ ಒಂದು ಚೂರು

ಪ್ಲೇಟ್‌ಲೆಟ್ ಪೂರ್ತಿ ಜೀವಕೋಶವೇ ಅಲ್ಲ. ಮೂಳೆಮಜ್ಜೆಯಲ್ಲಿರುವ ಮೆಗಾಕ್ಯಾರಿಯೋಸೈಟ್ ಎಂಬ ದೊಡ್ಡ ಕೋಶದಿಂದ ಕಳಚಿಕೊಂಡ ಚೂರು ಅದು. ಅಡ್ಡಳತೆ 2–3 ಮೈಕ್ರೊಮೀಟರ್, ಆಯಸ್ಸು 7ರಿಂದ 10 ದಿನ, ಕೋಶಕೇಂದ್ರ ಇಲ್ಲ. ಆದರೂ ನರಕೋಶದ ಕೆಲವು ಮುಖ್ಯ ಭಾಗಗಳು ಅದರಲ್ಲಿ ಇದ್ದಂತೆಯೇ ಇವೆ. ಹೊರಗಿನ ಸೆರೊಟೋನಿನ್ ಅನ್ನು ಒಳಗೆಳೆದುಕೊಳ್ಳುವ ಟ್ರಾನ್ಸ್‌ಪೋರ್ಟರ್ ಇದೆ. ಇದನ್ನು ಮಿದುಳಿನಲ್ಲೂ ಪ್ಲೇಟ್‌ಲೆಟ್‌ನಲ್ಲೂ ತಯಾರಿಸುವುದು ಎಸ್‌ಎಲ್‌ಸಿ6ಎ4 ಎಂಬ ಒಂದೇ ಜೀನ್. ಸೆರೊಟೋನಿನ್‌ಗೆ ಸ್ಪಂದಿಸುವ 5-ಎಚ್‌ಟಿ2ಎ ಗ್ರಾಹಕ, ನಾರ್‌ಅಡ್ರಿನಲಿನ್‌ಗೆ ಸ್ಪಂದಿಸುವ ಆಲ್ಫಾ-2 ಗ್ರಾಹಕ, ಇಂಥ ಸಂದೇಶವಾಹಕಗಳನ್ನು ಒಡೆಯುವ ಮೊನೊಅಮೀನ್ ಆಕ್ಸಿಡೇಸ್ ಕಿಣ್ವದ ಬಿ ಬಗೆ ಇವೂ ಇವೆ. ಬದುಕಿರುವವರ ಮಿದುಳನ್ನು ಕತ್ತರಿಸಿ ನೋಡುವಂತಿಲ್ಲ, ತೋಳಿನಿಂದ 20 ಎಂ.ಎಲ್. ರಕ್ತ ತೆಗೆಯಬಹುದು. ಪ್ಲೇಟ್‌ಲೆಟ್‌ನ ಮೇಲೆ ಕಣ್ಣು ಬಿದ್ದದ್ದು ಹೀಗೆ.

ಸೆರೊಟೋನಿನ್ ಮೊದಲು ಪತ್ತೆಯಾದದ್ದೂ ರಕ್ತದಲ್ಲೇ. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರ‍್ಯಾಪೋರ್ಟ್, ಗ್ರೀನ್ ಮತ್ತು ಪೇಜ್ ಎಂಬವರು ಹೆಪ್ಪುಗಟ್ಟಿದ ರಕ್ತದ ಸೀರಂನಿಂದ ರಕ್ತನಾಳ ಬಿಗಿಯುವ ವಸ್ತುವೊಂದನ್ನು ಬೇರ್ಪಡಿಸಿದರು. ಹೆಸರಿನ ಮೊದಲಕ್ಷರಗಳು ಸೀರಂನವು. ಮಿದುಳಿನಲ್ಲೂ ಅದು ಇದೆ ಎಂದು ಬೆಟ್ಟಿ ಟ್ವಾರಾಗ್ ತೋರಿಸಿದ್ದು ಆಮೇಲೆ, 1953ರಲ್ಲಿ.

ಪ್ಲೇಟ್‌ಲೆಟ್‌ನಲ್ಲಿ ಏನಿಲ್ಲ ಎಂಬುದನ್ನೂ ಅಷ್ಟೇ ಗಮನಿಸಬೇಕು. ಅದಕ್ಕೆ ಸೆರೊಟೋನಿನ್ ತಯಾರಿಸಲು ಬರುವುದಿಲ್ಲ. ಕರುಳಿನ ಕೋಶಗಳು ತಯಾರಿಸಿ ರಕ್ತಕ್ಕೆ ಬಿಟ್ಟದ್ದನ್ನು ಅದು ಹೀರಿ ಕೂಡಿಟ್ಟುಕೊಳ್ಳುತ್ತದೆ, ಅಷ್ಟೆ. ನರಕೋಶ ಹಾಗಲ್ಲ, ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆರಂಭದ ಒಗಟು ಬಿಡುವುದು ಇಲ್ಲಿಯೇ. ಸರ್ಟ್ರಲೀನ್, ಎಸ್‌ಸಿಟಾಲೊಪ್ರಾಮ್, ಫ್ಲುಓಕ್ಸೆಟಿನ್ ಮೊದಲಾದ ಎಸ್‌ಎಸ್‌ಆರ್‌ಐ ಮಾತ್ರೆಗಳು ಟ್ರಾನ್ಸ್‌ಪೋರ್ಟರ್‌ನ ಬಾಗಿಲು ಮುಚ್ಚುತ್ತವೆ. ಮಿದುಳಿನಲ್ಲಿ ಬಾಗಿಲು ಮುಚ್ಚಿದರೆ ಸೆರೊಟೋನಿನ್ ನರಕೋಶಗಳ ನಡುವಿನ ಸಂದಿಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಪ್ಲೇಟ್‌ಲೆಟ್‌ನಲ್ಲಿ ಅದೇ ಬಾಗಿಲು ಮುಚ್ಚಿದರೆ ಕಣಜಕ್ಕೆ ಕಾಳು ಬರುವ ದಾರಿಯೇ ಬಂದ್. ಮಜ್ಜೆಯಿಂದ ಬರುವ ಹೊಸ ಕಣಗಳು ಬರಿಗೈಯಲ್ಲೇ ಓಡಾಡುತ್ತವೆ, ಹಳೆಯವು ಸೋರಿಕೊಂಡು ಬರಿದಾಗುತ್ತವೆ. ಎರಡು ಮೂರು ವಾರಗಳಲ್ಲಿ ಪ್ಲೇಟ್‌ಲೆಟ್ ಸೆರೊಟೋನಿನ್ ಶೇ 80–90ರಷ್ಟು ಇಳಿದಿರುತ್ತದೆ.

ಇನ್ನೊಂದು ಕೊರತೆ ಕೋಶಕೇಂದ್ರದ್ದು. ನರಕೋಶಕ್ಕೆ ಔಷಧ ಸತತವಾಗಿ ಸಿಗುತ್ತಿದ್ದರೆ ಅದು ತನ್ನ ಜೀನ್‌ಗಳ ಓದನ್ನೇ ಬದಲಿಸಿ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳಬಲ್ಲದು. ಪ್ಲೇಟ್‌ಲೆಟ್‌ಗೆ ಆ ಸೌಲಭ್ಯ ಇಲ್ಲ. ಎಷ್ಟು ಗ್ರಾಹಕ ಹೊತ್ತು ಹೊರಡಬೇಕೆಂಬುದು ಬಹುಪಾಲು ಮಜ್ಜೆಯಲ್ಲೇ ತೀರ್ಮಾನವಾಗಿರುತ್ತದೆ. ಹೀಗಾಗಿ ‘ಚಿಕಿತ್ಸೆಯ ಮೂರನೇ ದಿನಕ್ಕೇ ಗ್ರಾಹಕಗಳ ಸಂಖ್ಯೆ ಅರ್ಧಕ್ಕಿಳಿಯಿತು’ ಎಂದು ಯಾರಾದರೂ ವರದಿ ಮಾಡಿದರೆ, ಕಣಗಳ ಪೀಳಿಗೆ ಬದಲಾಗಲು ಅಷ್ಟು ಸಮಯ ಸಾಕಾಗದು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಗ್ರಾಹಕಗಳು ಪೊರೆಯಿಂದ ಒಳಸರಿದಿರಬಹುದು, ಇಲ್ಲವೇ ಅಳತೆಯಲ್ಲೇ ಎಡವಟ್ಟಾಗಿರಬಹುದು. ಎರಡನೆಯದು ಅಪರೂಪವೇನಲ್ಲ.

ಅಳೆಯುವ ಕೈ ಎಲ್ಲಿ ತಪ್ಪುತ್ತದೆ

ಗ್ರಾಹಕ ಎಣಿಕೆಯ ಹಳೆಯ, ಇಂದಿಗೂ ಆಧಾರವಾಗಿ ಹಿಡಿಯುವ ವಿಧಾನ ಇದು. ಗ್ರಾಹಕಕ್ಕೆ ಅಂಟುವ ಔಷಧವೊಂದಕ್ಕೆ ಟ್ರಿಟಿಯಂ ಸೇರಿಸಿ ವಿಕಿರಣ ಸೂಸುವಂತೆ ಮಾಡಿ, ಪ್ಲೇಟ್‌ಲೆಟ್ ಪೊರೆಗಳ ಜೊತೆ ಬೆರೆಸಿ, ಎಷ್ಟು ಅಂಟಿತೆಂದು ಲೆಕ್ಕ ಹಾಕುವುದು. ಹೇಳುವಷ್ಟು ಸಲೀಸಲ್ಲ.

ರಕ್ತ ತೆಗೆಯುವಾಗಲೇ ಎಚ್ಚರ ಬೇಕು. 19 ಅಥವಾ 21 ಗೇಜ್ ಸೂಜಿ, ಸಡಿಲ ಪಟ್ಟಿ, ಮೊದಲ 2–3 ಎಂ.ಎಲ್. ಬೇರೆ ಕೊಳವೆಗೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸೋಡಿಯಂ ಸಿಟ್ರೇಟ್, ಗಾಜಿನ ಬದಲು ಪ್ಲಾಸ್ಟಿಕ್ ಕೊಳವೆ. ಫ್ರಿಜ್‌ನಲ್ಲಿಡುವ ಹಾಗಿಲ್ಲ; ತಣ್ಣಗಾದರೆ ಬಿಲ್ಲೆಯಾಕಾರದ ಕಣ ಉಂಡೆಯಾಗಿ ಮುಳ್ಳು ಚಾಚುತ್ತದೆ. ರಕ್ತನಿಧಿಯಲ್ಲಿ ಪ್ಲೇಟ್‌ಲೆಟ್ ಚೀಲಗಳನ್ನು 20–24 ಡಿಗ್ರಿಯಲ್ಲಿ ಮೆಲ್ಲಗೆ ಅಲುಗಿಸುತ್ತ ಇಡುವುದೂ ಇದೇ ಕಾರಣಕ್ಕೆ. ನಂತರ ಸೆಂಟ್ರಿಫ್ಯೂಜ್‌ನಲ್ಲಿ 150–200 ಜಿ (ಗುರುತ್ವದ ಅಷ್ಟು ಪಟ್ಟು) ಬಲದಲ್ಲಿ ಹತ್ತು ಹದಿನೈದು ನಿಮಿಷ, ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಡಬೇಕು. ಕೆಳಗೆ ಕೆಂಪು ಕಣ, ಮೇಲೆ ಹುಲ್ಲಿನ ಬಣ್ಣದ ಮಬ್ಬು ದ್ರವ. ಆ ಮಬ್ಬೇ ಪ್ಲೇಟ್‌ಲೆಟ್. ಕೊಳವೆಯನ್ನು ಬೆಳಕಿಗೆ ಹಿಡಿದು ಓರೆ ಮಾಡಿದರೆ ರೇಷ್ಮೆ ಸೀರೆಯ ಸೆರಗು ಹೊರಳಿದ ಹಾಗೆ ಒಳಗೆ ಮಿರುಗು ಸುಳಿಯುತ್ತದೆ. ಬಿಲ್ಲೆಗಳು ಬಿಲ್ಲೆಗಳಾಗಿಯೇ ಉಳಿದಿವೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಸುಳಿ ಕಾಣದೆ ಬರಿ ಮಬ್ಬು ಕಂಡರೆ ಆ ಮಾದರಿಯನ್ನು ಚೆಲ್ಲುವುದೇ ಮೇಲು.

ವೇಗ ಹೆಚ್ಚಾದರೆ ಇನ್ನೊಂದು ಮೋಸ. ದೊಡ್ಡ ಪ್ಲೇಟ್‌ಲೆಟ್‌ಗಳು ಕೆಂಪು ಕಣಗಳ ಜೊತೆ ತಳ ಸೇರುತ್ತವೆ. ಗಾತ್ರ ದೊಡ್ಡದಾದಷ್ಟೂ ಮೈಮೇಲಿನ ಗ್ರಾಹಕಗಳು ಹೆಚ್ಚು, ಆದ್ದರಿಂದ ಮೇಲೆ ಉಳಿದ ಸಣ್ಣವನ್ನಷ್ಟೇ ಎಣಿಸಿದರೆ ‘ಗ್ರಾಹಕ ಕಡಿಮೆ’ ಎಂದು ಬರುತ್ತದೆ. ರೋಗಿಗಳ ಮಾದರಿಗಳನ್ನು ಒಬ್ಬರು, ಆರೋಗ್ಯವಂತರ ಮಾದರಿಗಳನ್ನು ಇನ್ನೊಬ್ಬರು ತಿರುಗಿಸಿದರೆ ಹುಟ್ಟುವ ವ್ಯತ್ಯಾಸಕ್ಕೂ ಕಾಯಿಲೆಗೂ ಸಂಬಂಧವಿಲ್ಲ.

ಮುಂದೆ ಕಣಗಳನ್ನು ಒಡೆದು, ಪೊರೆಗಳನ್ನು 30,000 ಜಿಗೂ ಮೇಲ್ಪಟ್ಟ ಬಲದಲ್ಲಿ ಗಟ್ಟಿಮಾಡಿ, ತೊಳೆದು, ಗುರುತು ಹಚ್ಚಿದ ಔಷಧದ ಬೇರೆ ಬೇರೆ ಸಾಂದ್ರತೆಗಳಲ್ಲಿ ಇಡುತ್ತಾರೆ. ಸಿಗುವುದು ಎರಡು ಅಂಕಿ. ಒಂದು ಬಿ-ಮ್ಯಾಕ್ಸ್, ಅಂದರೆ ಒಂದು ಮಿಲಿಗ್ರಾಂ ಪ್ರೋಟೀನಿಗೆ ಎಷ್ಟು ಜಾಗಗಳಿವೆ ಎಂಬುದು. ಇನ್ನೊಂದು ಕೆ-ಡಿ, ಹಿಡಿತ ಎಷ್ಟು ಬಿಗಿ ಎಂಬುದು. ಈ ಅಂಕಿ ಕಡಿಮೆಯಿದ್ದಷ್ಟೂ ಹಿಡಿತ ಬಿಗಿ.

ಇಲ್ಲಿ ಎರಡು ಚಿಕ್ಕ ಲೆಕ್ಕ ಮಾಡಿ ನೋಡಬೇಕು. ಒಂದು ಮಿಲಿಗ್ರಾಂ ಶುದ್ಧ ಪ್ಲೇಟ್‌ಲೆಟ್ ಪೊರೆಯಲ್ಲಿ 1,000 ಘಟಕ ಜಾಗಗಳಿವೆ ಅನ್ನೋಣ. ಸರಿಯಾಗಿ ತೊಳೆಯದೆ 0.2 ಮಿಲಿಗ್ರಾಂನಷ್ಟು ಫೈಬ್ರಿನೋಜನ್ ಅಥವಾ ಕೆಂಪು ಕಣದ ಪ್ರೋಟೀನು ಸೇರಿಕೊಂಡರೆ ಛೇದ 1.2 ಆಗುತ್ತದೆ, ಫಲಿತಾಂಶ 833. ಒಂದು ಗ್ರಾಹಕವೂ ಕಳೆದಿಲ್ಲ, ಆದರೂ ಶೇ 17ರಷ್ಟು ‘ಇಳಿಕೆ’. ಇನ್ನೊಂದು, ಮಾತ್ರೆ ನಿಲ್ಲಿಸಿ ಕೆಲವೇ ದಿನವಾದ ರೋಗಿಯದು. ಪೊರೆಯಲ್ಲಿ ಉಳಿದ ಔಷಧ, ತಾನು ಅರ್ಧದಷ್ಟು ಜಾಗ ಹಿಡಿಯಲು ಬೇಕಾದ ಸಾಂದ್ರತೆಯಷ್ಟಿದ್ದರೂ ಸಾಕು, ಕೆ-ಡಿ 1 ಇದ್ದದ್ದು 2 ನ್ಯಾನೊಮೋಲಾರ್ ಆದಂತೆ ತೋರುತ್ತದೆ. ಖರ್ಚು ಉಳಿಸಲು ಒಂದೇ ಸಾಂದ್ರತೆಯಲ್ಲಿ, 1 ನ್ಯಾನೊಮೋಲಾರ್‌ನಲ್ಲಿ ಅಳೆದಿದ್ದರೆ ತುಂಬಿದ ಜಾಗ ಶೇ 50ರಿಂದ ಶೇ 33ಕ್ಕೆ ಇಳಿಯುತ್ತದೆ. ಮೂರನೇ ಒಂದು ಪಾಲು ಗ್ರಾಹಕಗಳೇ ಮಾಯವಾದಂತೆ ಕಾಣುತ್ತದೆ. ಆರು ಏಳು ಸಾಂದ್ರತೆಗಳಲ್ಲಿ ಅಳೆದವರಿಗೆ ಮಾತ್ರ ಕೆ-ಡಿ ಬದಲಾಗಿದೆ, ಬಿ-ಮ್ಯಾಕ್ಸ್ ಬದಲಾಗಿಲ್ಲ, ಇದು ಮಾತ್ರೆಯ ಉಳಿಕೆ ಎಂದು ಗೊತ್ತಾಗುತ್ತದೆ.

ಇಮಿಪ್ರಮಿನ್‌ನ ಏಳುಬೀಳು

ಈ ಕ್ಷೇತ್ರದ ಅತಿ ದೊಡ್ಡ ಆಸೆ ಮೊಳೆತದ್ದು 1980ರಲ್ಲಿ. ಪ್ಯಾರಿಸ್‌ನಲ್ಲಿ ಬ್ರೈಲಿ, ಲ್ಯಾಂಗರ್ ಮತ್ತು ಸಂಗಡಿಗರು, ಔಷಧ ತೆಗೆದುಕೊಳ್ಳದ ಖಿನ್ನತೆಯ ರೋಗಿಗಳ ಪ್ಲೇಟ್‌ಲೆಟ್‌ಗಳಲ್ಲಿ ಇಮಿಪ್ರಮಿನ್ ಅಂಟುವ ಜಾಗಗಳು ಕಡಿಮೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಮಿಪ್ರಮಿನ್ ಹಳೆಯ ಖಿನ್ನತೆ ನಿವಾರಕ, ಅದು ಅಂಟುವುದು ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್‌ಗೆ. ಕಾಯಿಲೆ, ಔಷಧ, ಅಳತೆ ಮೂರೂ ಒಂದೇ ಜಾಗದಲ್ಲಿ ಸೇರಿದ್ದವು. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇರುವಂತೆ ಖಿನ್ನತೆಗೂ ಒಂದು ಬಂತೆಂದು ಅನೇಕರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಬೇರೆ ಬೇರೆ ಊರಿನ ಪ್ರಯೋಗಾಲಯಗಳು ಅದನ್ನೇ ಮಾಡಿ ನೋಡಿದಾಗ ಕೆಲವರಿಗೆ ಅದೇ ಫಲಿತಾಂಶ ಬಂತು, ಕೆಲವರಿಗೆ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಲವು ಕೇಂದ್ರಗಳನ್ನು ಸೇರಿಸಿ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳಿಗೂ ಆರೋಗ್ಯವಂತರಿಗೂ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. 1994ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದಾಗ ಸರಾಸರಿಯಲ್ಲಿ ಇಳಿಕೆ ಇರುವುದು ನಿಜ ಎಂದು ಬಂತು. ಎರಡೂ ಮಾತು ಒಟ್ಟಿಗೆ ಸರಿಯಿರಲು ಸಾಧ್ಯ. ಗುಂಪಿನ ಸರಾಸರಿ ಒಂದಿಷ್ಟು ಕೆಳಗಿರಬಹುದು, ಆದರೆ ಒಬ್ಬೊಬ್ಬರ ಅಂಕಿಗಳನ್ನು ಚುಕ್ಕಿಗಳಾಗಿ ಹಾಕಿದರೆ ಎರಡು ಗುಂಪುಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಎದುರಿಗೆ ಕೂತ ಒಬ್ಬ ರೋಗಿಗೆ ಆ ಅಂಕಿಯಿಂದ ಏನೂ ಹೇಳಲಾಗದು. ಸಾಲದ್ದಕ್ಕೆ, ಅಂಟುವಿಕೆ ಋತುವಿನಿಂದ ಋತುವಿಗೆ ಏರಿಳಿಯುತ್ತದೆ ಎಂಬ ವರದಿಗಳೂ ಬಂದವು. ರೋಗಿಗಳನ್ನು ಚಳಿಗಾಲದಲ್ಲೂ ಆರೋಗ್ಯವಂತರನ್ನು ಬೇಸಿಗೆಯಲ್ಲೂ ಅಳೆದಿದ್ದರೆ ಹೋಲಿಕೆ ಅಲ್ಲಿಗೇ ಮುಗಿಯಿತು.

ಇಮಿಪ್ರಮಿನ್ ಟ್ರಾನ್ಸ್‌ಪೋರ್ಟರ್‌ಗೆ ಮಾತ್ರವಲ್ಲದೆ ಬೇರೆ ಜಾಗಗಳಿಗೂ ಅಂಟುತ್ತದೆ ಎಂಬುದೂ ಆಮೇಲೆ ಸ್ಪಷ್ಟವಾಯಿತು. ಅದಕ್ಕಿಂತ ನಿಖರವಾದ ಪ್ಯಾರೊಕ್ಸೆಟಿನ್ ಬಳಕೆಗೆ ಬಂದ ಮೇಲೂ ಚಿತ್ರ ತಿಳಿಯಾಗಲಿಲ್ಲ.

ಸಿಗರೇಟಿನ ಪಾಠ

ಇದಕ್ಕಿಂತ ಒಳ್ಳೆಯ ಪಾಠ ಮೊನೊಅಮೀನ್ ಆಕ್ಸಿಡೇಸ್‌ನದು (ಎಂಎಒ). ಅದು ಗ್ರಾಹಕವಲ್ಲ, ಕಿಣ್ವ. ಆದರೆ ತಪ್ಪು ನಡೆದ ಬಗೆ ಎಲ್ಲಕ್ಕೂ ಅನ್ವಯಿಸುತ್ತದೆ. 1972ರಲ್ಲಿ ಮರ್ಫಿ ಮತ್ತು ವಯಟ್ ಸ್ಕಿಜೋಫ್ರೀನಿಯಾ ರೋಗಿಗಳ ಪ್ಲೇಟ್‌ಲೆಟ್‌ನಲ್ಲಿ ಈ ಕಿಣ್ವದ ಚುರುಕು ಕಡಿಮೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಮುಂದಿನ ಎರಡು ದಶಕ ಮದ್ಯವ್ಯಸನ, ದುಡುಕು ಸ್ವಭಾವ, ರೋಮಾಂಚನದ ಹಂಬಲ ಹೀಗೆ ಒಂದೊಂದಕ್ಕೂ ‘ಕಡಿಮೆ ಎಂಎಒ’ ಗಂಟುಬಿತ್ತು. 1996ರಲ್ಲಿ ಜೋನಾ ಫೌಲರ್ ತಂಡ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಪೆಟ್ ಸ್ಕ್ಯಾನ್ ಮಾಡಿ, ಸಿಗರೇಟು ಸೇದುವವರ ಮಿದುಳಿನಲ್ಲಿ ಎಂಎಒ-ಬಿ ಸುಮಾರು ಶೇ 40ರಷ್ಟು ಕಡಿಮೆ ಎಂದು ತೋರಿಸಿತು. ಪ್ಲೇಟ್‌ಲೆಟ್‌ನಲ್ಲೂ ಅದೇ ಕಥೆ. ಕಿಣ್ವವನ್ನು ತಡೆಯುವುದು ನಿಕೊಟಿನ್ ಅಲ್ಲ, ಹೊಗೆಯಲ್ಲಿರುವ ಬೇರೆ ರಾಸಾಯನಿಕಗಳು. ಸ್ಕಿಜೋಫ್ರೀನಿಯಾ ಇರುವವರಲ್ಲೂ ಮದ್ಯವ್ಯಸನಿಗಳಲ್ಲೂ ಧೂಮಪಾನ ಉಳಿದವರಿಗಿಂತ ಬಹಳ ಹೆಚ್ಚು. ಧೂಮಪಾನವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ‘ವ್ಯಕ್ತಿತ್ವದ ಗುರುತು’ ಎಂದುಕೊಂಡದ್ದರ ದೊಡ್ಡ ಪಾಲು ಕರಗಿಹೋಯಿತು. ಇಷ್ಟು ವರ್ಷ ಅಳೆದದ್ದು ಬಹುಪಾಲು ಜೇಬಿನಲ್ಲಿದ್ದ ಸಿಗರೇಟು ಪ್ಯಾಕನ್ನು.

ಆಲ್ಫಾ-2 ಗ್ರಾಹಕದ ಗೊಂದಲ ಇನ್ನೂ ಸೂಕ್ಷ್ಮ. ಗಾರ್ಸಿಯಾ-ಸೆವಿಲ್ಲಾ ತಂಡ 1981ರಲ್ಲಿ ಖಿನ್ನತೆಯಲ್ಲಿ ಈ ಗ್ರಾಹಕಗಳು ಹೆಚ್ಚು, ಟ್ರೈಸೈಕ್ಲಿಕ್ (ಇಮಿಪ್ರಮಿನ್ ಬಗೆಯ ಮಾತ್ರೆಗಳ) ಚಿಕಿತ್ಸೆಯ ನಂತರ ಇಳಿಯುತ್ತವೆ ಎಂದಿತು. ಎಣಿಕೆಗೆ ಗುರುತು ಹಚ್ಚಿ ಅವರು ಬಳಸಿದ್ದು ಕ್ಲೊನಿಡಿನ್. ಯೊಹಿಂಬಿನ್ ಬಳಸಿದ ಹೆಚ್ಚಿನವರಿಗೆ ಆ ವ್ಯತ್ಯಾಸ ಸಿಗಲಿಲ್ಲ. ಯಾರೂ ತಪ್ಪಿರಲಿಲ್ಲ. ಕ್ಲೊನಿಡಿನ್ ಗ್ರಾಹಕವನ್ನು ಚಾಲೂ ಮಾಡುವ ಔಷಧ. ಗ್ರಾಹಕದ ಸಂದೇಶವನ್ನು ಒಳಕ್ಕೆ ದಾಟಿಸುವ ಜಿ-ಪ್ರೋಟೀನಿನೊಂದಿಗೆ ಜೋಡಿಕೊಂಡು ಸಿದ್ಧವಾಗಿ ನಿಂತಿರುವ ಗ್ರಾಹಕಗಳನ್ನೇ ಅದು ಬಿಗಿಯಾಗಿ ಹಿಡಿಯುತ್ತದೆ. ಯೊಹಿಂಬಿನ್ ತಡೆಯುವ ಔಷಧ, ಸಿದ್ಧವಿರಲಿ ಇಲ್ಲದಿರಲಿ ಎಲ್ಲಕ್ಕೂ ಅಂಟುತ್ತದೆ. ಎಂದರೆ ಖಿನ್ನತೆಯಲ್ಲಿ ಬದಲಾಗಿರಬಹುದಾದದ್ದು ಗ್ರಾಹಕಗಳ ಸಂಖ್ಯೆಯಲ್ಲ, ಒಳಗಿನ ಜೋಡಣೆ. ಸಂಶೋಧನೆ ಈಗ ಹೊರಳಿರುವುದೂ ಅತ್ತಲೇ. ಷಿಕಾಗೊದಲ್ಲಿ ಮಾರ್ಕ್ ರಾಸೆನಿಕ್ ತಂಡ ಗ್ರಾಹಕಗಳನ್ನು ಎಣಿಸುವ ಬದಲು, ಪ್ಲೇಟ್‌ಲೆಟ್‌ಗೆ ಪ್ರೊಸ್ಟಗ್ಲಾಂಡಿನ್ ಇ1 ಕೊಟ್ಟಾಗ ಒಳಗಿನ ಅಡೆನೈಲೈಲ್ ಸೈಕ್ಲೇಸ್ ಕಿಣ್ವ ಎಷ್ಟು ಚುರುಕಾಗುತ್ತದೆ ಎಂದು ನೋಡುತ್ತಿದೆ. ಖಿನ್ನತೆಯಲ್ಲಿ ಆ ಚುರುಕು ಕಡಿಮೆ, ಚಿಕಿತ್ಸೆ ಫಲಿಸಿದವರಲ್ಲಿ ಮತ್ತೆ ಏರುತ್ತದೆ ಎಂಬುದು 2022ರ ವರದಿ. ಕುತೂಹಲದ ಸಂಗತಿ, ಆದರೆ ಸಣ್ಣ ಗುಂಪು. ಇಮಿಪ್ರಮಿನ್‌ನ ಹತ್ತು ವರ್ಷ ನೆನಪಿದ್ದವರು ದೊಡ್ಡ, ಹಲವು ಕೇಂದ್ರಗಳ ಅಧ್ಯಯನಕ್ಕೆ ಕಾಯುತ್ತಾರೆ.

ಆತ್ಮಹತ್ಯೆಗೆ ಯತ್ನಿಸಿದವರಲ್ಲಿ 5-ಎಚ್‌ಟಿ2ಎ ಗ್ರಾಹಕಗಳು ಹೆಚ್ಚು ಎಂಬ ಪಾಂಡೆ ತಂಡದ 1990ರ ದಶಕದ ವರದಿಗಳಿಗೂ ಇದೇ ಮಾತು ಸಲ್ಲುತ್ತದೆ. ಸುಳಿವು ಇದೆ, ಒಬ್ಬ ವ್ಯಕ್ತಿಯ ಅಪಾಯ ಅಳೆಯುವಷ್ಟು ಬಿಗಿಯಿಲ್ಲ. ಅತಿ ಹೆಚ್ಚು ಸಲ ಮರುಕಳಿಸಿದ ಫಲಿತಾಂಶ ಆಟಿಸಂನದು: ಸುಮಾರು ಕಾಲು ಭಾಗದಷ್ಟು ಮಕ್ಕಳಲ್ಲಿ ರಕ್ತದ ಸೆರೊಟೋನಿನ್ ಹೆಚ್ಚು. 1961ರಲ್ಲೇ ಮೊದಲು ವರದಿಯಾದದ್ದು. ಆದರೂ ಉಳಿದ ಮುಕ್ಕಾಲು ಭಾಗದವರಲ್ಲಿ ಮಾಮೂಲಿಯಾಗಿರುವುದರಿಂದ ರೋಗನಿರ್ಣಯಕ್ಕೆ ಅದನ್ನು ಬಳಸುವುದಿಲ್ಲ.

ಲ್ಯಾಬ್‌ಗಳ ಪಟ್ಟಿಯಲ್ಲಿ ಸೆರೊಟೋನಿನ್ ಪರೀಕ್ಷೆ ಮತ್ತೇಕೆ ಇದೆ? ಮುಖ್ಯವಾಗಿ ಕಾರ್ಸಿನಾಯ್ಡ್ ಎಂಬ, ಸೆರೊಟೋನಿನ್ ಸುರಿಸುವ ಗೆಡ್ಡೆಯ ಅನುಮಾನ ಬಂದಾಗ. ಮುಖ ಕೆಂಪೇರಿ ಬಿಸಿಯಾಗುವುದು, ಬಿಡದ ಭೇದಿ ಅದರ ಲಕ್ಷಣ. ಜೊತೆಗೆ 24 ಗಂಟೆಯ ಮೂತ್ರದಲ್ಲಿ ಸೆರೊಟೋನಿನ್ ಒಡೆದಾಗ ಉಳಿಯುವ 5-ಎಚ್‌ಐಎಎ ನೋಡುತ್ತಾರೆ. ಅದಕ್ಕೆ ಎರಡು ಮೂರು ದಿನ ಮುಂಚಿನಿಂದ ಬಾಳೆಹಣ್ಣು, ಅನಾನಸ್, ಅಕ್ರೋಟು, ಟೊಮೆಟೊ ಬಿಡಬೇಕು. ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇದೆ ಎಂದು ಮನಸ್ಸಿನ ಉಲ್ಲಾಸಕ್ಕೆ ತಿನ್ನುವವರಿಗೆ ಒಂದು ಮಾತು: ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ಮೂತ್ರದ ವರದಿಯನ್ನಷ್ಟೇ ಕೆಡಿಸುತ್ತದೆ.

ಬರಿದಾದ ಕಣ, ರಕ್ತಸ್ರಾವ

ಪ್ಲೇಟ್‌ಲೆಟ್‌ನ ಸೆರೊಟೋನಿನ್ ಅಲಂಕಾರಕ್ಕಿಲ್ಲ. ಗಾಯವಾದ ಕಡೆ ಕಣ ಅದನ್ನು ಹೊರಚೆಲ್ಲುತ್ತದೆ, ಪಕ್ಕದ ಕಣಗಳ 5-ಎಚ್‌ಟಿ2ಎ ಗ್ರಾಹಕ ಅದನ್ನು ಹಿಡಿದು ಹೆಪ್ಪುಗಟ್ಟುವಿಕೆಗೆ ಒಂದು ದೂಡು ಕೊಡುತ್ತದೆ. ಎಸ್‌ಎಸ್‌ಆರ್‌ಐ ತೆಗೆದುಕೊಳ್ಳುವವರಲ್ಲಿ ಈ ದೂಡು ಸೊರಗಿರುತ್ತದೆ. ಕಣಗಳ ಸಂಖ್ಯೆ ಮಾಮೂಲಿಯೇ ಇರುವುದರಿಂದ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯಲ್ಲಿ ಇದು ಕಾಣುವುದಿಲ್ಲ. ಹೊಟ್ಟೆ, ಮೇಲ್ಗರುಳಿನ ರಕ್ತಸ್ರಾವದ ಸಂಭವ ಸುಮಾರು ಒಂದೂವರೆ ಪಟ್ಟು. ಜೊತೆಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಸೇರಿದರೆ ಸುಮಾರು ನಾಲ್ಕು ಪಟ್ಟು. ಮೂಲದ ಸಂಭವವೇ ಸಣ್ಣದಾದ್ದರಿಂದ ಆರೋಗ್ಯವಂತ ಯುವಜನರು ಒಂದೂವರೆ ಪಟ್ಟಿಗೆ ಹೆದರಬೇಕಿಲ್ಲ. ಹುಣ್ಣಿನ ಹಿನ್ನೆಲೆ ಇರುವ ಎಪ್ಪತ್ತರ ಹಿರಿಯರು ಮಂಡಿನೋವಿಗೆ ದಿನಾ ಡೈಕ್ಲೊಫೆನಾಕ್ ನುಂಗುತ್ತಿದ್ದರೆ ನಾಲ್ಕು ಪಟ್ಟನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ, ಜಠರ ಕಾಯುವ ಮಾತ್ರೆ ಬೇಕೇ, ಟ್ರಾನ್ಸ್‌ಪೋರ್ಟರ್‌ಗೆ ಅಷ್ಟಾಗಿ ಅಂಟದ ಮಿರ್ಟಾಜಪಿನ್, ಬ್ಯುಪ್ರೊಪಿಯಾನ್‌ನಂಥ ಔಷಧಕ್ಕೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕಾದವರು ಇವರು.

ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುವವರದು ಇನ್ನೊಂದು ತೊಡಕು. ಆ ಮಾತ್ರೆ ಯಕೃತ್ತಿನ ಸಿವೈಪಿ2ಸಿ19 ಕಿಣ್ವದಿಂದ ಚುರುಕಾಗಬೇಕು. ಫ್ಲುಓಕ್ಸೆಟಿನ್, ಫ್ಲುವೊಕ್ಸಮೈನ್ ಆ ಕಿಣ್ವವನ್ನೇ ತಡೆಯುತ್ತವೆ. ಹೃದಯಾಘಾತದ ನಂತರದ ಖಿನ್ನತೆಗೆ ಸರ್ಟ್ರಲೀನ್ ಅನ್ನು ಹೆಚ್ಚಾಗಿ ಆರಿಸುವುದಕ್ಕೆ 2002ರ ಸ್ಯಾಡ್‌ಹಾರ್ಟ್ ಅಧ್ಯಯನ ತೋರಿದ ಸುರಕ್ಷತೆ ಒಂದು ಕಾರಣ. ಬೈಪೋಲಾರ್‌ಗೆ ಕೊಡುವ ವಾಲ್‌ಪ್ರೋಯೇಟ್ ದಾರಿಯೇ ಬೇರೆ. ಅದು ಕಣಗಳ ಸಂಖ್ಯೆಯನ್ನೇ ಇಳಿಸಬಹುದು, ಡೋಸ್ ಏರಿದಷ್ಟೂ ಹೆಚ್ಚು. ರಕ್ತದ ಮಟ್ಟ ಒಂದು ಎಂ.ಎಲ್.ಗೆ ಹೆಂಗಸರಲ್ಲಿ 110, ಗಂಡಸರಲ್ಲಿ 135 ಮೈಕ್ರೊಗ್ರಾಂ ದಾಟಿದರೆ ಸಂಭವ ಗಣನೀಯವಾಗಿ ಏರುತ್ತದೆ. ಇದು ಸಿಬಿಸಿಯಲ್ಲಿ ಕಾಣುತ್ತದೆ. ಹಲ್ಲು ಕೀಳಿಸುವ ಮುನ್ನ ಒಮ್ಮೆ ನೋಡಿಸಿಕೊಳ್ಳುವುದು ವಾಸಿ.

ಇನ್ನು ಮಳೆಗಾಲದ ಡೆಂಗಿ. ಜ್ವರ ಬಂದ ದಿನವೇ ವೈದ್ಯರಿಗೆ ‘ಎಸ್‌ಸಿಟಾಲೊಪ್ರಾಮ್ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಹೇಳಬೇಕು, ಯಾಕೆಂದರೆ ಕೌಂಟು 60,000 ಇದ್ದರೂ ಆ ಕಣಗಳ ಒಳಗೆ ಸರಕು ಇರುವುದಿಲ್ಲ. ಆಸ್ಪಿರಿನ್, ಐಬುಪ್ರೊಫೆನ್ ಡೆಂಗಿಯಲ್ಲಿ ಯಾರಿಗೂ ಬೇಡ, ಇವರಿಗಂತೂ ಸುತರಾಂ ಬೇಡ. ಹೆದರಿ ಮನೆಯಲ್ಲೇ ಮಾತ್ರೆ ನಿಲ್ಲಿಸುವುದರಿಂದಲೂ ಲಾಭವಿಲ್ಲ. ಡೆಂಗಿಯ ಅಪಾಯದ ಗಳಿಗೆ ಬರುವುದು ಮೂರರಿಂದ ಏಳನೇ ದಿನದ ನಡುವೆ; ಅಷ್ಟರಲ್ಲಿ ಬರಿದಾದ ಕಣಗಳು ತುಂಬಿಕೊಳ್ಳುವುದಿಲ್ಲ. ಫ್ಲುಓಕ್ಸೆಟಿನ್ ಆಗಿದ್ದರೆ ಅದರ ಅಂಶ ಮೈಯಿಂದ ಹೋಗಲು ಐದು ವಾರ ಬೇಕು. ಪ್ಯಾರೊಕ್ಸೆಟಿನ್ ಆಗಿದ್ದರೆ ಒಂದೆರಡು ದಿನದಲ್ಲೇ ತಲೆಸುತ್ತು, ವಾಕರಿಕೆ, ತಳಮಳ ಶುರುವಾಗಿ, ಅದು ಜ್ವರದ್ದೋ ಮಾತ್ರೆ ಬಿಟ್ಟದ್ದರದ್ದೋ ಎಂದು ವಾರ್ಡಿನಲ್ಲಿ ಯಾರಿಗೂ ತಿಳಿಯದಂತಾಗುತ್ತದೆ.